ಚೀಟಿ ಇಲ್ಲದ ಸಿಕ್ಕ

ಭಾಲ್ಕಿ
12 ಜೂನ್ 2024

ಪಂಢರಿನಾಥ ಅವರಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ಯಾರೆಂದು ಗೊತ್ತಾಗಿರುತ್ತದೆ. ಆರು ವರ್ಷ ಐದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕ್ಷೇಮದ ಸಾಲುಗಳನ್ನು ಬಿಟ್ಟಿದ್ದೇನೆ, ನಮ್ಮಿಬ್ಬರ ನಡುವೆ ಅವು ಸುಳ್ಳಾಗುತ್ತವೆ. ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದೆ, ಪತ್ರ ಬರೆಯುವುದಿಲ್ಲ ಎಂದು ಮಾಡಿರಲಿಲ್ಲ. ನಾಣ್ಯದ ದುಕಾನು ಮುಚ್ಚಿ ಚಿದ್ರಿಯಲ್ಲಿ ಮಗನ ಮನೆಯಲ್ಲಿದ್ದೀರಿ, ಎರಡೂ ಕಿವಿ ಹೋಗಿವೆ, ಫೋನು ಮಾಡಿ ಉಪಯೋಗವಿಲ್ಲ ಎಂದು ನಮ್ಮ ಸಂಗ್ರಾಹಕರ ಕೂಟದ ಕೈಲಾಶ ಹೇಳಿದ. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ನನಗೆ ಕೊನೆಗೆ ಅಂಚೆಯೇ ಗತಿಯಾಯಿತು ನೋಡಿ.

ವಿಷಯಕ್ಕೆ ಬರುತ್ತೇನೆ. ನನ್ನ ಕಣ್ಣು ಹೋಗುತ್ತಿವೆ. ಮೊದಲಿನ ಪೊರೆಯಲ್ಲ, ಅದನ್ನು ಲಾತೂರಿನಲ್ಲಿ ತೆಗೆಸಿ ಆಯಿತು. ಇದು ಒಳಗಿನ ನರದ್ದು. ಒಂದೂವರೆ ವರ್ಷ, ಹೆಚ್ಚೆಂದರೆ ಎರಡು, ಎಂದಿದ್ದಾರೆ ಡಾಕ್ಟರು. ಪೆಟ್ಟಿಗೆಯಲ್ಲಿ ನಾನೂರಾ ಹನ್ನೆರಡು ನಾಣ್ಯಗಳಿವೆ. ಕತ್ತಲೆಯಾಗುವ ಮೊದಲು ಅವುಗಳಲ್ಲಿ ಸಾಚಾ ಯಾವುದು, ಖೋಟಾ ಯಾವುದು ಎಂದು ನನಗೆ ತಿಳಿಯಬೇಕು. ಮಾರುವುದಕ್ಕಲ್ಲ. ಇಷ್ಟು ವರ್ಷ ಏನು ಕೂಡಿಟ್ಟೆ ಎಂಬುದು ಗೊತ್ತಿಲ್ಲದೆ ಕುರುಡನಾಗಲು ಮನಸ್ಸಿಲ್ಲ.

ನಿಮ್ಮನ್ನು ಬಿಟ್ಟ ಮೇಲೆ ಊರೂರು ಅಲೆದೆ. ಹೈದರಾಬಾದಿನ ಒಬ್ಬ ದೀಪದ ಕೆಳಗೆ ಫೋಟೋ ತೆಗೆದು ಕಳಿಸಿದ. ಮಂಗಳಾರತಿಯ ತಟ್ಟೆಯ ಹಾಗೆ ಬೆಳಗುತ್ತಿತ್ತು. ಕೈಗೆ ಬಂದಾಗ ಅಂಚಿನಲ್ಲಿ ಅರ ಹಚ್ಚಿದ ಗುರುತು. ಸೋಲಾಪುರದವನೊಬ್ಬ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿ, ನಂಬರು ಹಚ್ಚಿ, ಅತ್ಯುತ್ತಮ ದರ್ಜೆ ಎಂದು ಬರೆದು ಕೊಟ್ಟ. ಅದನ್ನೇ ಇನ್ನೊಬ್ಬನಿಗೆ ತೋರಿಸಿದರೆ ನಡುವಿನ ದರ್ಜೆ ಎಂದ, ಮತ್ತೊಬ್ಬ ಇದು ನಾಣ್ಯವೇ ಅಲ್ಲ ಎಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನೀವು ಹೇಳುತ್ತಿದ್ದಿರಿ. ಹೇಳುವವರನ್ನು ಬಿಟ್ಟ ಮೇಲೆ ಕುಡಿದದ್ದೆಲ್ಲ ಸುಣ್ಣದ ನೀರೇ.

ನಾಣ್ಯದ ಜೊತೆ ನೀವು ಬರೆದು ಕೊಡುತ್ತಿದ್ದ ಚೀಟಿಯಲ್ಲಿ ನಾಲ್ಕೇ ಮಾತು ಇರುತ್ತಿದ್ದವು. ಕೈ ಹತ್ತದ್ದು, ಕೈ ಹತ್ತಿದ್ದು, ಸವೆದದ್ದು, ತೊಳೆದದ್ದು. ಇಪ್ಪತ್ತೆಂಟು ವರ್ಷ ಆ ನಾಲ್ಕು ಮಾತು ನಂಬಿ ಕಣ್ಣು ಮುಚ್ಚಿ ನಾಣ್ಯ ಕೊಂಡೆ. ಒಂದೇ ಸಲ ಮೋಸ ಮಾಡಿದಿರಿ.

ಐದು ನಾಣ್ಯ ಕಳಿಸಿದ್ದೇನೆ. ನಾಲ್ಕು, ಬೇರೆಯವರಲ್ಲಿ ಕೊಂಡವು. ಐದನೆಯದು ನೀವು ಕೈ ಹತ್ತದ್ದು ಎಂದು ಬರೆದು ಮಾರಿದ ಅದೇ ಹಾಲಿ ಸಿಕ್ಕ, ನಿಜಾಮರ ಕಾಲದ ಚಾರ್‌ಮಿನಾರಿನ ಬೆಳ್ಳಿ ರೂಪಾಯಿ. ನಿಮ್ಮ ಹಳೆಯ ಚೀಟಿ ನನ್ನ ಬಳಿಯೇ ಇದೆ. ಈಗ ಹೊಸದು ಬರೆದು ಕಳಿಸಿ. ನಿಮ್ಮ ಕಣ್ಣು ಬೇಕು, ಮಾತು ಬೇಡ.

ಭಾಲಚಂದ್ರ ಮುಳೆ


ಚಿದ್ರಿ, ಬೀದರ್
24 ಜೂನ್ 2024

ಭಾಲಚಂದ್ರರಾವ್ ಅವರಿಗೆ ನಮಸ್ಕಾರ.

ಪಾರ್ಸೆಲ್ಲು ಮುಟ್ಟಿತು. ಭೂತಗನ್ನಡಿ ಎಲ್ಲಿಟ್ಟಿದ್ದೇನೆಂದು ಹುಡುಕುವುದಕ್ಕೇ ಎರಡು ದಿನ ಹಿಡಿಯಿತು. ಅದಕ್ಕೆ ತಡ.

ಒಂದನೆಯದು ಯಾರದೋ ಕೊರಳ ಸರದಲ್ಲಿ ಇದ್ದದ್ದು. ಮೇಲುಗಡೆ ಕೊಂಡಿ ಬೆಸೆದಿದ್ದರು, ಅದನ್ನು ಕಿತ್ತು ಅರ ಹಚ್ಚಿದ್ದಾರೆ. ನಾಣ್ಯ ಸಾಚಾ, ಅಂಚು ಕೆಟ್ಟಿದೆ. ಸವೆದದ್ದು ಎಂದು ಬರೆದಿದ್ದೇನೆ. ಎರಡನೆಯದು ಅಚ್ಚಿನಲ್ಲಿ ಎರಕ ಹೊಯ್ದದ್ದು. ಕಲ್ಲಿನ ಮೇಲೆ ಬೀಳಿಸಿದರೆ ಸದ್ದು ಮೊದ್ದಾಗಿರುತ್ತದೆ ಎಂದು ಹಿಂದೆ ಹೇಳುತ್ತಿದ್ದೆ, ಈಗ ಸದ್ದು ನನಗೆ ಕೇಳದು. ಅಂಚಿನ ಸುತ್ತ ಬೆರಳಾಡಿಸಿ ನೋಡಿ, ಕೂದಲೆಳೆಯಷ್ಟು ಬೆಸುಗೆಯ ಗೆರೆ ತಾಗುತ್ತದೆ. ಅದಕ್ಕೆ ಚೀಟಿ ಇಲ್ಲ. ಮೂರನೆಯದು ಕೈ ಹತ್ತಿದ್ದು, ಒಳ್ಳೆಯದು.

ನಾಲ್ಕನೆಯದು, ಬಹಮನಿ ತಾಮ್ರ, ನೀವು ಖೋಟಾ ಎಂದು ಅನುಮಾನ ಮಾಡಿರಬೇಕು. ಅಲ್ಲ. ಉಪ್ಪು ಮಣ್ಣಿನಲ್ಲಿ ಹೂತು ಹಸಿರು ಮಾಡಿದ್ದಾದರೆ ಉಗುರಿಗೆ ಏಳುತ್ತದೆ. ಇದು ಏಳುವುದಿಲ್ಲ. ಅಷ್ಟೂರಿನ ಕಡೆಯ ಹೊಲದ ಕೆಮ್ಮಣ್ಣು ಇನ್ನೂ ಅಕ್ಷರದ ಸಂದಿಯಲ್ಲಿದೆ. ಅದನ್ನು ತೆಗೆಯಬೇಡಿ.

ಐದನೆಯದನ್ನು ಹಾಗೆಯೇ ಹಿಂದೆ ಕಳಿಸಿದ್ದೇನೆ. ಅದಕ್ಕೆ ಚೀಟಿ ಬರೆಯುವುದಿಲ್ಲ.

ನೋಡಿದ್ದಕ್ಕೆ ಏನೂ ಕೊಡುವುದು ಬೇಡ. ಉಳಿದವನ್ನೂ ಕಳಿಸುವುದಾದರೆ ಹತ್ತು ಹತ್ತಾಗಿ ಕಳಿಸಿ. ಬೆಳಿಗ್ಗೆ ಎರಡು ತಾಸು ಮಾತ್ರ ಅಂಗಳದಲ್ಲಿ ಬೆಳಕು ಚೆನ್ನಾಗಿರುತ್ತದೆ.

ಪಂಢರಿ


ಭಾಲ್ಕಿ
29 ಜೂನ್ 2024

ಪಂಢರಿನಾಥ ಅವರಿಗೆ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾಲ್ಕು ನಾಣ್ಯಕ್ಕೆ ಪುರಾಣ ಬರೆಯುತ್ತೀರಿ, ಐದನೆಯದಕ್ಕೆ ಲೇಖನಿ ಏಳುವುದಿಲ್ಲ. ಯಾಕೆಂದರೆ ತೊಳೆದದ್ದು ಎಂದು ಬರೆದರೆ ನೀವು ಕಳ್ಳರಾಗುತ್ತೀರಿ, ಕೈ ಹತ್ತದ್ದು ಎಂದರೆ ಕುರುಡರಾಗುತ್ತೀರಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನೀವು ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. 2016ರಲ್ಲಿ ಆ ಸಿಕ್ಕವನ್ನು ನನಗೆ ಕೊಟ್ಟಿರಿ. ಮೇಲೆಲ್ಲ ಒಂದೇ ಸಮನಾದ ಕಪ್ಪು ಇತ್ತು. "ಈ ಕಪ್ಪ ನೋಡ್ರಿ ಭಾಲು, ಎಂಬತ್ತು ವರ್ಷ ಯಾರೂ ಮುಟ್ಟಿಲ್ಲ ಅಂಬೋದಕ್ಕ ಇದೇ ಸಾಕ್ಷಿ" ಎಂದಿರಿ. ಮನೆಗೆ ತಂದು ನೀವೇ ಸುತ್ತಿದ ಕಾಗದದಲ್ಲಿ ಇಟ್ಟೆ. 2018ರ ಜನವರಿಯಲ್ಲಿ ಬೀದರಿನ ಸಂಗ್ರಾಹಕರ ಮೇಳಕ್ಕೆ ಒಯ್ದೆ. ಹೊರಗಿನಿಂದ ಬಂದ ಪರೀಕ್ಷಕರು ನಲವತ್ತು ಮಂದಿಯ ಎದುರು ಮಸೂರ ಹಿಡಿದು ನೋಡಿ, "ಇದನ್ನು ತಿಕ್ಕಿ ತೊಳೆದಿದ್ದಾರೆ, ಇದಕ್ಕೆ ದರ್ಜೆ ಇಲ್ಲ" ಎಂದರು. ನಾನು ನಿಮ್ಮತ್ತ ತಿರುಗಿದೆ. ನೀವು ನಾಣ್ಯವನ್ನು ಕೈಗೆ ತೆಗೆದುಕೊಂಡಿರಿ. ಒಂದು ನಿಮಿಷ ನೋಡಿದಿರಿ. ಆಮೇಲೆ ನನ್ನ ಮುಖ ನೋಡಿದಿರಿ. ನಾಣ್ಯವನ್ನು ನನ್ನ ಕೈಗೇ ಹಿಂದಿಟ್ಟಿರಿ.

ಆ ದಿನ ನಾನು ಆಡಿದ ಮಾತು ಹೆಚ್ಚಾಯಿತೆಂದು ಕೈಲಾಶ ಈಗಲೂ ಹೇಳುತ್ತಾನೆ. ಕಳ್ಳ ಎಂದೆ. ತೊಳೆದ ನಾಣ್ಯವನ್ನು ಹೊಗೆಯಲ್ಲಿಟ್ಟು ಕಪ್ಪು ಮಾಡಿ ಮಾರಿದ, ನನ್ನ ಮನೆಯಲ್ಲಿ ಕಪ್ಪು ಬಿಟ್ಟಿತು ಎಂದೆ. ನೀವು ಒಂದೇ ಒಂದು ಸಲ ಇಲ್ಲ ಎಂದಿದ್ದರೆ ನಾನು ನಂಬುತ್ತಿದ್ದೆ. ನಿಮಗೆ ಅದು ಗೊತ್ತಿತ್ತು. ಆದರೂ ಅನ್ನಲಿಲ್ಲ.

ಅದೇ ವರ್ಷ ಮೇ ತಿಂಗಳಲ್ಲಿ ನನ್ನಾಕೆ ನಲಿನಿ ಹೋದಳು. ನಿಮ್ಮನ್ನು ಅಣ್ಣ ಎನ್ನುತ್ತಿದ್ದಳು. ನಿಮಗೆ ಉಣ್ಣಬಡಿಸಿದ ಕೈ ಅದು. ಅವಳ ಮಣ್ಣಿಗೆ ಬಂದು ಎದುರಿನ ಚಹಾ ಅಂಗಡಿಯಲ್ಲಿ ನಿಂತಿದ್ದಿರಿ, ನಾನು ನೋಡಿದೆ. ದಾಟಿ ಬರುವ ಧೈರ್ಯ ಆಗಲಿಲ್ಲ ನಿಮಗೆ. ಅದನ್ನು ನಾನು ನಾಣ್ಯಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ.

ಬರೆಯಿರಿ ಇಲ್ಲವೇ ಒಪ್ಪಿಕೊಳ್ಳಿ.

ಭಾಲಚಂದ್ರ


ಚಿದ್ರಿ, ಬೀದರ್
20 ಜುಲೈ 2024

ಭಾಲಚಂದ್ರರಾವ್ ಅವರಿಗೆ,

ಒಂದು ವಾರ ಜ್ವರವಿತ್ತು. ಈಗ ಇಳಿದಿದೆ.

ನೀವು ಕೇಳಿದ್ದಕ್ಕೆ ಉತ್ತರ ಇಲ್ಲ. ನನ್ನ ಅಪ್ಪ ದುಕಾನಿನಲ್ಲಿ ಕೂರಿಸಿದ ಮೊದಲ ದಿನ ಒಂದು ಮಾತು ಹೇಳಿದ್ದ. ತಿಳಿಯದ್ದಕ್ಕೆ ತಿಳಿಯದು ಎನ್ನಬೇಕು, ತಿಳಿದದ್ದನ್ನು ಬರೆಯಬೇಕು, ಬರೆಯಬಾರದ್ದು ಬಂದರೆ ಅಂಗಡಿಯ ಬಾಗಿಲು ಹಾಕಬೇಕು. ನಾನು ಬಾಗಿಲು ಹಾಕಿದೆ. ಜನ ಬರುವುದು ನಿಂತಿತು ಎಂಬುದೂ ನಿಜ.

ಆ ಸಿಕ್ಕವನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಇನ್ನು ಯಾರಿಗೂ ತೋರಿಸಬೇಡಿ. ಇಷ್ಟೇ ನನ್ನ ಬೇಡಿಕೆ.

ಔರಾದಿನಲ್ಲಿ ನಿಮ್ಮ ಮಗಳು ಭಕ್ತಿ ಹೇಗಿದ್ದಾಳೆ? ಅವಳ ಮಗುವಿಗೆ ಈಗ ಐದು ತುಂಬಿರಬೇಕು. ನಿಮ್ಮ ಕಣ್ಣಿಗೆ ಹಾಕುವ ಹನಿಯನ್ನು ತಪ್ಪಿಸಬೇಡಿ. ಸಂಜೆಯ ಹೊತ್ತು ಭೂತಗನ್ನಡಿ ಹಿಡಿದು ಕೂರುವ ನಿಮ್ಮ ಚಾಳಿ ನನಗೆ ಗೊತ್ತು. ಬಿಡಿ ಅದನ್ನು.

ಪಂಢರಿ


ಔರಾದ
4 ಆಗಸ್ಟ್ 2024

ಬಾಬಾ,

ನಿನ್ನೆ ಫೋನಿನಲ್ಲಿ ನೀವು ನಗುತ್ತ ಹೇಳಿದಿರಿ, ಪಂಢರಿ ಕಾಕಾರನ್ನು ಕಟ್ಟಿಹಾಕಿದ್ದೇನೆ, ಉತ್ತರ ಕೊಡಲು ಬರುತ್ತಿಲ್ಲ ಅವರಿಗೆ ಎಂದು. ನಾನು ಹೂಂ ಎಂದು ಇಟ್ಟೆ. ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ನಡುವೆಯೇ ಕಟ್ ಮಾಡುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ಸಿಕ್ಕವನ್ನು ತೊಳೆದದ್ದು ಕಾಕಾ ಅಲ್ಲ. ಆಯಿ. ಹುಣಸೆಹಣ್ಣು ನೆನೆಹಾಕಿದವಳು ಅವಳ ಮಗಳು, ನಾನು.

2017ರ ದೀಪಾವಳಿ. ನೀವು ಪೊರೆ ತೆಗೆಸಲು ಲಾತೂರಿನ ಆಸ್ಪತ್ರೆಯಲ್ಲಿದ್ದಿರಿ. ನಮ್ಮ ಮನೆಯಲ್ಲಿ ಲಕ್ಷ್ಮೀ ಪೂಜೆಗೆ ಅಜ್ಜಿಯ ಕಾಲದಿಂದ ಬೆಳ್ಳಿ ರೂಪಾಯಿ ಇಡುವ ರೂಢಿ ಇತ್ತಲ್ಲವೆ? ಅವನ್ನೆಲ್ಲ ನೀವು ಪೆಟ್ಟಿಗೆಗೆ ಸೇರಿಸಿದ ಮೇಲೆ ಆಯಿ ಹತ್ತು ವರ್ಷ ಐದು ರೂಪಾಯಿಯ ಬಿಲ್ಲೆ ಇಟ್ಟು ಪೂಜೆ ಮಾಡಿದಳು. ಒಂದು ದಿನವೂ ತಕರಾರು ಮಾಡಲಿಲ್ಲ. ಆ ವರ್ಷ ಮಾತ್ರ ಹೆದರಿದ್ದಳು. "ಅವರ ಕಣ್ಣಿನ ಸಲುವಾಗಿ ಬೇಡ್ಕೋಬೇಕು, ಬಿಲ್ಲಿ ಇಟ್ಟು ಹ್ಯಾಂಗ ಬೇಡ್ಕೊಳ್ಳಲಿ?" ಎಂದು ಪೆಟ್ಟಿಗೆ ತೆರೆದಳು. ಕೈಗೆ ಸಿಕ್ಕಿದ್ದು ಅದು. ಕಪ್ಪಾಗಿತ್ತು. "ಇಷ್ಟು ಹೊಲಸಾಗಿರೋ ಲಕ್ಷ್ಮೀನ ಮಣಿ ಮ್ಯಾಲ ಇಡೋದು ಹ್ಯಾಂಗವ್ವ?" ಎಂದಳು. ನಾನು ಹುಣಸೆಹಣ್ಣು ಕೊಟ್ಟೆ, ಒಲೆಯ ಬೂದಿ ಕೊಟ್ಟೆ. ಹಿತ್ತಾಳೆಯ ಸಮಯಿ ದೀಪ ತಿಕ್ಕಿದ ಹಾಗೆ ತಿಕ್ಕಿದಳು. ಬೆಳ್ಳಗೆ ಬಂದಾಗ ಎಷ್ಟು ಖುಷಿಪಟ್ಟಳು ಗೊತ್ತೆ? ಪೂಜೆ ಮುಗಿಸಿ ಕಾಗದದಲ್ಲಿ ಸುತ್ತಿ ಹಿಂದಿಟ್ಟಳು. ನಿಮಗೆ ಸಂತೋಷವಾಗುತ್ತದೆ ಎಂದೇ ಅಂದುಕೊಂಡಿದ್ದೆವು. ಆ ಕಪ್ಪೇ ಅದರ ಬೆಲೆ ಎಂದು ನಮಗೆ ಯಾರು ಹೇಳಿದ್ದರು ಬಾಬಾ? ನಾಣ್ಯದ ವಿಷಯ ನೀವು ಕಾಕಾರ ಜೊತೆ ಮಾತಾಡುತ್ತಿದ್ದಿರಿ, ನಮ್ಮ ಜೊತೆ ಅಲ್ಲ.

ಲಾತೂರಿನಿಂದ ಬಂದ ಮೇಲೆ ನೀವು ಅದನ್ನು ನೋಡಿದಿರಿ. "ಕಣ್ಣು ಹ್ಯಾಂಗ ಚೊಲೋ ಆಗ್ಯಾವ ನೋಡು, ಎಲ್ಲಾ ಥಳಥಳ ಕಾಣಸ್ಲಿಕತ್ತಾವ" ಎಂದಿರಿ. ಆಯಿ ನಕ್ಕಳು.

ಮೇಳದಿಂದ ನೀವು ಕೂಗಾಡುತ್ತ ಬಂದ ದಿನ ಅವಳಿಗೆ ಅರ್ಥವಾಯಿತು. ಮರುವಾರ ನನ್ನನ್ನು ಕರೆದುಕೊಂಡು ಬೀದರಿನ ಬಸ್ಸು ಹತ್ತಿದಳು. ಕಾಕಾರ ದುಕಾನಿನಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. "ಅಣ್ಣಾ, ಮೊದಲಿನಂಗ ಆಗ್ತದೇನು?" ಎಂದು ಕೇಳಿದಳು. "ಹೋದ ಮೈ ಬರಂಗಿಲ್ಲ ವೈನಿ" ಎಂದರು ಕಾಕಾ. ಅವರಿಗೆ ಮೇಳದಲ್ಲಿ ನಾಣ್ಯ ನೋಡಿದಾಗಲೇ ಗೊತ್ತಾಗಿತ್ತಂತೆ, ಅಕ್ಷರದ ಸಂದಿಯಲ್ಲಿ ಬೂದಿಯ ಜೊತೆ ಒಂದಿಷ್ಟು ಕುಂಕುಮ ಉಳಿದಿತ್ತಂತೆ. ಆಯಿ ಇವತ್ತೇ ನಿಮಗೆ ಹೇಳಿಬಿಡುತ್ತೇನೆ ಎಂದಳು. ಕಾಕಾ ಬೇಡ ಎಂದರು. "ನಿಮ್ಮ ಎದಿ ಆಪರೇಶನ್ ಆಗೋದದ. ಭಾಲುನ ಬಾಯಿ ನಿಮಗ ಗೊತ್ತದ. ಈಗ ನನಗ ಬೈತಾನ, ಬೈಲಿ, ನಾ ಗಟ್ಟಿ ಇದ್ದೀನಿ. ನೀವು ಚೊಲೋ ಆಗ್ರಿ, ಆಮ್ಯಾಲ ನಾನೇ ಬಂದು ಮುಂದ ಕುಂತು ಹೇಳ್ತೇನಿ."

ಆಯಿ ಚೊಲೋ ಆಗಲಿಲ್ಲ.

ಆರು ವರ್ಷ ನಾನೂ ಸುಮ್ಮನಿದ್ದೆ. ಹೋದವಳ ಮೇಲೆ ನೀವು ಸಿಟ್ಟು ಮಾಡಿಕೊಳ್ಳುತ್ತೀರೆಂದು ಹೆದರಿದ್ದೆ. ಕಾಕಾರ ಅಂಗಡಿ ಮುಚ್ಚಿದಾಗಲೂ ಬಾಯಿ ಬಿಡಲಿಲ್ಲ, ಅದು ನನ್ನ ತಪ್ಪು. ನೀವು ಅವರ ಮನೆಗೆ ಹೋಗಿ, ಒಬ್ಬರೇ ಎದುರು ಕೂತು ಕ್ಷಮೆ ಕೇಳಿ. ಆದರೆ ಆಯಿಯ ಮಾತು ನಮ್ಮ ಮೂವರಲ್ಲೇ ಇರಲಿ. ಕೈ ಮುಗಿಯುತ್ತೇನೆ.

ನಿಮ್ಮ
ಭಕ್ತಿ


ಭಾಲ್ಕಿ
19 ಆಗಸ್ಟ್ 2024

ಪಂಢರಿ,

ನೀವು ತಾವು ಎಂದು ಬರೆಯಲು ಕೈ ಬರುತ್ತಿಲ್ಲ. ಎಲ್ಲ ತಿಳಿಯಿತು. ಭಕ್ತಿ ಬರೆದಳು.

ಹತ್ತು ದಿನ ಉಣ್ಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಉಂಡೆ, ಆದರೆ ಏನುಂಡೆ ಎಂಬುದು ಗೊತ್ತಾಗಲಿಲ್ಲ. ಆ ನಾಣ್ಯವನ್ನು ತೆಗೆದು ಅಂಗಳದ ಬಿಸಿಲಿಗೆ ಹಿಡಿದೆ. ಚಾರ್‌ಮಿನಾರಿನ ಕಮಾನಿನ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ಇದೆ. ಆರು ವರ್ಷ ನಾನು ಅದನ್ನು ತುಕ್ಕು ಎಂದುಕೊಂಡಿದ್ದೆ. ಬೆಳ್ಳಿಗೆ ತುಕ್ಕು ಎಲ್ಲಿಂದ ಬರಬೇಕು? ನನ್ನಂಥ ಶತಮೂರ್ಖ ನಾಣ್ಯ ಕೂಡಿಸಲು ಹೊರಟನಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ನನಗೆ ತಿಳಿದದ್ದು ಒಂದೇ ದಾರಿ. ನಾನು ನಿನ್ನ ಮನೆಗೆ ಬಂದು ಗುಟ್ಟಾಗಿ ಕ್ಷಮೆ ಕೇಳಬೇಕು ಎಂದಳು ಭಕ್ತಿ. ನನಗೆ ಒಪ್ಪಿಗೆಯಾಗಲಿಲ್ಲ. ನಲವತ್ತು ಮಂದಿಯ ಮುಂದೆ ಕಳ್ಳ ಎಂದು, ಮೂಲೆಯಲ್ಲಿ ಕೂತು ತಪ್ಪಾಯಿತು ಎಂದರೆ ಅದು ಎಂಥ ನ್ಯಾಯ? ನಿನ್ನೆ ಭಾನುವಾರ ಬೀದರಿನಲ್ಲಿ ಕೂಟದ ಸಭೆ ಇತ್ತು. ಮೈಕು ತೆಗೆದುಕೊಂಡೆ. ಪಂಢರಿಯಂಥ ಸಾಚಾ ವ್ಯಾಪಾರಿ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ ಎಂದೆ. ನನ್ನ ಹೆಂಡತಿ ಹುಣಸೆಹಣ್ಣು, ಬೂದಿ ಹಾಕಿ ಲಕ್ಷ್ಮಿಗೆ ಸ್ನಾನ ಮಾಡಿಸಿದ ಕಥೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕಣ್ಣು ಚೊಲೋ ಆಗಿವೆ ಎಂದು ನಾನು ಕುಣಿದದ್ದನ್ನೂ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಕೊನೆಯಲ್ಲಿ ಎಲ್ಲರೂ ನಿನ್ನ ಹೆಸರಿಗೆ ಚಪ್ಪಾಳೆ ತಟ್ಟಿದರು. ಕೈಲಾಶ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು ಸಂಗ್ರಾಹಕರ ಗ್ರೂಪಿಗೆ ಹಾಕಿದ್ದಾನೆ. ಇವತ್ತು ಬೆಳಿಗ್ಗೆಯೇ ಮೂವರು ನಿನ್ನ ವಿಳಾಸ ಕೇಳಿದರು.

ನಿನ್ನ ಹೆಸರು ನಿನಗೆ ಮರಳಿ ಬಂತು ಪಂಢರಿ. ಇನ್ನು ನನ್ನ ನಾನೂರಾ ಹನ್ನೆರಡನ್ನೂ ನೀನೇ ನೋಡಬೇಕು. ಒಂದು ದಿನ ಹೇಳು, ಪೆಟ್ಟಿಗೆ ಹೊತ್ತು ಬರುತ್ತೇನೆ. ಆಣೆ ಗೀಣೆ ಎಲ್ಲ ಸುಟ್ಟೆ.

ನಿನ್ನ
ಭಾಲು


ಚಿದ್ರಿ, ಬೀದರ್
2 ಸೆಪ್ಟೆಂಬರ್ 2024

ಭಾಲಚಂದ್ರರಾವ್ ಅವರಿಗೆ,

ಪತ್ರ ಬರುವ ಮೊದಲೇ ಸೊಸೆ ಮೊಬೈಲಿನಲ್ಲಿ ನೀವು ಮಾತಾಡಿದ್ದನ್ನು ತೋರಿಸಿದ್ದಳು. ನನಗೆ ಶಬ್ದ ಕೇಳಲಿಲ್ಲ. ನಿಮ್ಮ ಕೈ ಗಾಳಿಯಲ್ಲಿ ತಿಕ್ಕುವ ಹಾಗೆ ಆಡುವುದು ಕಂಡಿತು, ನಗುವವರ ಬಾಯಿಗಳು ಕಂಡವು. ಮೇಲೆ ಯಾರೋ ದೊಡ್ಡಕ್ಷರದಲ್ಲಿ 'ಭಾಲ್ಕಿಯ ಹುಣಸೆಹಣ್ಣಿನ ಬಾಯಿ' ಎಂದು ವೈನಿಗೆ ಹೆಸರಿಟ್ಟು ಬರೆದಿದ್ದರು. ಅದು ಈಗ ಕೂಟದ ಹೊರಗೂ ಓಡಾಡುತ್ತಿದೆಯಂತೆ. ಠಾಣಾ ಕುಶನೂರದ ನಮ್ಮ ನೆಂಟರಿಗೂ ಮುಟ್ಟಿದೆ ಎಂದು ಸೊಸೆ ಬರೆದು ತೋರಿಸಿದಳು.

ಮೇಳದ ದಿನ ನಾನು ಆ ಕುಂಕುಮ ಕಂಡೆ. ಒಂದು ಮಾತು ಆಡಿದ್ದರೆ ನನ್ನ ದುಕಾನು ಉಳಿಯುತ್ತಿತ್ತು. ಆದರೆ ಹಾಗೆ ಆಡಿದ್ದರೆ ನಲವತ್ತು ಮಂದಿ ಅಂದೇ ವೈನಿಯ ಹೆಸರು ಹೇಳಿ ನಗುತ್ತಿದ್ದರು. ಅದು ಬೇಡವೆಂದೇ ಬಾಯಿ ಮುಚ್ಚಿದೆ. ಅವರು ಹೋದ ಮೇಲಂತೂ ಬಾಯಿ ಬಿಡುವ ಪ್ರಶ್ನೆಯೇ ಇರಲಿಲ್ಲ. ಉತ್ತರ ಕೊಡಲು ಬಾರದವರ ಮೇಲೆ ಹೊರಿಸಿ ನಾನು ಸಾಚಾ ಆಗಲೇ? ಮಣ್ಣಿನ ದಿನ ಚಹಾ ಅಂಗಡಿಯಲ್ಲಿ ನಿಂತದ್ದು ಹೆದರಿ ಅಲ್ಲ. ಹತ್ತಿರ ಬಂದರೆ ನಿಮ್ಮ ಮುಖ ನೋಡಿ ಹೇಳಿಬಿಡುತ್ತೇನೆ ಎಂದು ಅನಿಸಿತ್ತು.

ನೀವು ಕೆಟ್ಟದ್ದು ಮಾಡಬೇಕೆಂದು ಮಾಡಲಿಲ್ಲ, ಅದು ನನಗೆ ಗೊತ್ತು. ವೈನಿಯೂ ಕೆಟ್ಟದ್ದು ಮಾಡಬೇಕೆಂದು ತಿಕ್ಕಲಿಲ್ಲ.

ನಾನು ಆರು ವರ್ಷ ಕಾಯ್ದದ್ದನ್ನು ನೀವು ಒಂದು ಭಾನುವಾರದಲ್ಲಿ ಮುಗಿಸಿದಿರಿ. ನನಗೆ ತುಂಬ ನೋವಾಗಿದೆ, ಇದನ್ನು ಮುಚ್ಚಿಡುವುದಿಲ್ಲ. ನನ್ನ ವಿಳಾಸ ಕೇಳಿದವರಿಗೆ ಇಲ್ಲವೆಂದು ಹೇಳಿ. ನಿಮ್ಮ ಪೆಟ್ಟಿಗೆಯನ್ನೂ ತರಬೇಡಿ.

ನೀವು ಕೇಳಿದ್ದ ಚೀಟಿ ಇದರೊಂದಿಗೆ ಇದೆ. ಇನ್ನು ಬರೆಯದೆ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ. ಇದೇ ನನ್ನ ಕಡೆಯ ಚೀಟಿ.

ಪಂಢರಿ

(ಜೊತೆಗೆ, ಹಳದಿ ಕಾಗದದ ಒಂದು ತುಣುಕು)

ಹಾಲಿ ಸಿಕ್ಕ, ಒಂದು ರೂಪಾಯಿ, ಚಾರ್‌ಮಿನಾರ್.
ಮನೆಯವರು ತೊಳೆದದ್ದು. ಪೂಜೆ ಆಗಿದೆ.
ಮಾರತಕ್ಕದ್ದಲ್ಲ.


ಭಾಲ್ಕಿ
20 ಅಕ್ಟೋಬರ್ 2024

ಭಕ್ತಿ,

ನೀನು ಫೋನು ಎತ್ತದೆ ಎರಡು ತಿಂಗಳಾಯಿತು. ತುಷಾರ ಎತ್ತುತ್ತಾನೆ, ಮಾವಾ, ಅವಳು ಹೊರಗೆ ಹೋಗಿದ್ದಾಳೆ ಎನ್ನುತ್ತಾನೆ. ಪಾಪದ ಮನುಷ್ಯ, ಅವನಿಗೆ ಸುಳ್ಳು ಹೇಳಲೂ ಬರುವುದಿಲ್ಲ, ಹಿಂದೆ ನಿನ್ನ ದನಿ ಕೇಳುತ್ತಿರುತ್ತದೆ. ನಿನ್ನ ಸಿಟ್ಟು ಸರಿಯಾದದ್ದು. ಮೂವರಲ್ಲೇ ಇರಲಿ ಎಂದು ನೀನು ಕೈ ಮುಗಿದಿದ್ದೆ. ನಾನು ಜಿಲ್ಲೆಗೆಲ್ಲ ಹಂಚಿದೆ. ಕೈಲಾಶನ ಕಾಲು ಹಿಡಿದು ಗ್ರೂಪಿನಿಂದ ತೆಗೆಸಿದೆ, ಆದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು. ಮೊನ್ನೆ ಕಿರಾಣಿ ಅಂಗಡಿಯಲ್ಲಿ ಹುಣಸೆಹಣ್ಣು ಕೇಳಿದರೆ ಅವನು ನಕ್ಕ. ನಿನ್ನ ಆಯಿ ನಲವತ್ತು ವರ್ಷ ಸಾಮಾನು ತಂದ ಅಂಗಡಿ ಅದು.

ಪಂಢರಿಯ ಮನೆಗೆ ಹೋಗಿದ್ದೆ. ಪೆಟ್ಟಿಗೆ ಒಯ್ಯಲಿಲ್ಲ. ಅಂಗಳದಲ್ಲಿ ಕೂತಿದ್ದ, ಎದ್ದು ನಿಂತ. ಕುರ್ಚಿ ತರಿಸಿದ. ನಾನು ತಪ್ಪಾಯಿತು ಪಂಢರಿ ಎಂದೆ. "ಏನಂದ್ರಿ?" ಎಂದ. ಜೋರಾಗಿ ಹೇಳಿದೆ. ಮತ್ತೆ "ಏನ್ರಿ?" ಎಂದು ಕಿವಿಗೆ ಕೈ ಹಚ್ಚಿದ. ಮೂರನೆಯ ಸಲ ಕೂಗಿದಾಗ ಎದುರು ಮನೆಯ ಹೆಂಗಸರು ಹೊರಗೆ ಬಂದು ನಿಂತರು. ನಾಲ್ಕನೆಯ ಸಲ ಕೂಗಲು ನನಗೆ ಆಗಲಿಲ್ಲ. ಜೇಬಿನಲ್ಲಿದ್ದ ಬಸ್ಸಿನ ಟಿಕೇಟಿನ ಹಿಂದೆ ಬರೆದು ಕೊಟ್ಟೆ. ಅವನು ಓದಲಿಲ್ಲ. ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ಚಾ ತಗೋರಿ ಭಾಲಚಂದ್ರರಾವ್, ಆರತದ" ಎಂದ. ಭಾಲು ಎನ್ನಲಿಲ್ಲ. ಈ ಸಲ ಸೋಯಾ ಹೇಗಿದೆ, ಭಾಲ್ಕಿ ಬಸ್ಸು ಎಷ್ಟು ಹೊತ್ತಿಗೆ ಇದೆ, ಎಲ್ಲ ಕೇಳಿದ. ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಬಂದವರನ್ನು ಮರ್ಯಾದೆಯಿಂದ ಕಳಿಸುವುದು ಅವನಿಗೆ ಮೊದಲಿನಿಂದಲೂ ಗೊತ್ತು. ಬೈದಿದ್ದರೆ ಒಳ್ಳೆಯದಿತ್ತು.

ಪೆಟ್ಟಿಗೆಗೆ ಬೀಗ ಹಾಕಿದ್ದೇನೆ. ಈಗ ಎಡಗಣ್ಣಿಗೆ ಅಕ್ಷರ ಕಾಣುತ್ತಿಲ್ಲ, ಈ ಸಾಲುಗಳು ಒಂದರ ಮೇಲೊಂದು ಏರಿದ್ದರೆ ಸರಿಮಾಡಿ ಓದಿಕೋ. ಒಳಗಿನವು ಸಾಚಾವೋ ಖೋಟಾವೋ ಎಂದು ಹೇಳುವವರು ಇನ್ನು ಯಾರೂ ಇಲ್ಲ. ಒಂದನ್ನು ಮಾತ್ರ ಹೊರಗಿಟ್ಟಿದ್ದೇನೆ. ಅದರ ಚೀಟಿ ನನಗೆ ಬಾಯಿಪಾಠವಾಗಿದೆ.

ಹನ್ನೆರಡು ದಿನಕ್ಕೆ ಲಕ್ಷ್ಮೀ ಪೂಜೆ. ನೀನು ಬರುವುದಿಲ್ಲ, ಗೊತ್ತು, ಬಾ ಎನ್ನುವುದೂ ಇಲ್ಲ. ನಿನ್ನ ಆಯಿ ಹೋದ ಮೇಲೆ ಈ ಮನೆಯಲ್ಲಿ ಆ ಪೂಜೆ ಆಗಿಲ್ಲ. ಈ ಸಲ ನಾನೇ ಮಾಡುತ್ತೇನೆ. ಏಳು ವರ್ಷದಲ್ಲಿ ಸಿಕ್ಕ ಮತ್ತೆ ಕಪ್ಪಾಗಿದೆ. ಮಣೆ, ಸಮಯಿ, ಕುಂಕುಮ ಎಲ್ಲ ಸಿಕ್ಕಿವೆ, ಬೂದಿ ಪಕ್ಕದ ಮನೆಯವರು ಕೊಡುತ್ತಾರೆ.

ಹುಣಸೆಹಣ್ಣು ಎಷ್ಟು ಹೊತ್ತು ನೆನೆಯಬೇಕು? ಅದೊಂದನ್ನು ಬರೆದು ಕಳಿಸು.

ಬಾಬಾ